ಒಂದು ಹಲ್ಲಿನಿಂದ ಒಂದು ಕುಲವನ್ನು ಗುರುತಿಸಿದ ಡಾಕ್ಟರ್ ಜೋಸೆಫ್ ಲೀಡಿ

ಸಂತೆಗೆ ಕುದುರೆ ಕೊಳ್ಳಹೋದ ಅನುಭವಸ್ಥನು ಅದರ ಮೈಬಣ್ಣವನ್ನಾಗಲಿ ಕತ್ತಿನ ಕೇಸರವನ್ನಾಗಲಿ ಕಂಡು ಮರುಳಾಗುವುದಿಲ್ಲ. ಮೊದಲು ಅದರ ತುಟಿಯನ್ನೆತ್ತಿ ಹಲ್ಲನ್ನು ನೋಡುತ್ತಾನೆ. ಎಳೆಯ ಕುದುರೆಯ ಮುಂಬಲ್ಲುಗಳ ತುದಿಯಲ್ಲಿ ಬಟ್ಟಲಿನಂತಹ ಸಣ್ಣ ಕುಳಿಯಿರುತ್ತದೆ. ವಯಸ್ಸು ಏರಿದಂತೆ ಹಲ್ಲು ಸವೆದು ಆ ಕುಳಿಯೂ ಮಾಯವಾಗುತ್ತದೆ. ಮಾರುವವನು ವಯಸ್ಸನ್ನು ಎಷ್ಟೇ ಇಳಿಸಿ ಹೇಳಲಿ, ಹಲ್ಲು ಸುಳ್ಳಾಡುವುದಿಲ್ಲ.

ಬದುಕಿರುವ ಕುದುರೆಯ ವಯಸ್ಸನ್ನು ಹಲ್ಲಿನಿಂದ ತಿಳಿಯುವ ಈ ವಿದ್ಯೆ ಬಹು ಪುರಾತನವಾದುದು. ಆದರೆ ಸತ್ತು ಸಾವಿರಾರು, ಲಕ್ಷಾಂತರ ವರ್ಷಗಳಾಗಿ, ಮೂಳೆಗಳೆಲ್ಲ ಚದುರಿಹೋಗಿ, ಒಂದೆರಡು ಹಲ್ಲುಗಳು ಮಾತ್ರ ಕಲ್ಲಿನಂತಾಗಿ ನೆಲದಲ್ಲಿ ಉಳಿದಿರುವ ಪ್ರಾಣಿಯೊಂದನ್ನು ನೋಡಿ, ಇದು ಕುದುರೆಯೇ, ಇಂತಹ ಕುಲದ್ದೇ, ಇಂತಹ ಮೇವನ್ನು ತಿಂದು ಬದುಕಿದ್ದೇ ಎಂದು ಹೇಳುವ ವಿದ್ಯೆ ಈಚಿನದು. ಅಮೇರಿಕ ಖಂಡದಲ್ಲಿ ಆ ವಿದ್ಯೆಗೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಅಗ್ರಗಣ್ಯರು ಫಿಲಡೆಲ್ಫಿಯ ನಗರದ ಡಾಕ್ಟರ್ ಜೋಸೆಫ್ ಲೀಡಿಯವರು. ಹುಟ್ಟಿನಿಂದ ಸಿರಿವಂತರಲ್ಲದ, ದೊಡ್ಡವರ ಆಶ್ರಯವನ್ನು ಬೇಡದ, ಕಣ್ಣಿಗೆ ಬಿದ್ದುದನ್ನು ಗಮನವಿಟ್ಟು ನೋಡುವ ಒಂದೇ ಗುಣದಿಂದ ದೊಡ್ಡವರಾದ ಈ ಮಹನೀಯರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ.

ಫಲಕ ಬರೆಯಬೇಕಾಗಿದ್ದ ಹುಡುಗ

ಲೀಡಿಯವರು ೧೮೨೩ನೆಯ ಇಸವಿ ಸೆಪ್ಟೆಂಬರ್ ೯ರಂದು ಫಿಲಡೆಲ್ಫಿಯದಲ್ಲಿ ಜನಿಸಿದರು. ಅವರದು ಜರ್ಮನ್ ಮೂಲದ ಮನೆತನ. ತಂದೆ ಫಿಲಿಪ್ ಲೀಡಿ ಟೋಪಿ ತಯಾರಿಸುವ ಕಸುಬಿನವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆಯವರು ಆಕೆಯ ಬಂಧುವರ್ಗದವರೇ ಆದ ಕ್ರಿಸ್ಟಿಯಾನ ಎಂಬಾಕೆಯನ್ನು ಮದುವೆಯಾದರು. ಮಲತಾಯಿ ಎಂಬ ಮಾತಿಗೆ ನಮ್ಮ ಕಥೆಗಳಲ್ಲಿ ಒಳ್ಳೆಯ ಹೆಸರಿಲ್ಲ. ಆದರೆ ಜೋಸೆಫರ ಪಾಲಿಗೆ ಈ ಮಲತಾಯಿ ಹೆತ್ತ ತಾಯಿಗಿಂತ ಯಾವ ರೀತಿಯಲ್ಲಿಯೂ ಕಡಿಮೆಯಾಗಲಿಲ್ಲವೆಂಬುದು ಮುಂದೆ ತಿಳಿದುಬರುವುದು.

ಹುಡುಗನಿಗೆ ಕಲ್ಲು, ಗಿಡ, ಚಿಪ್ಪುಗಳನ್ನು ಕೂಡಿಡುವ ಹವ್ಯಾಸ. ಕೂಡಿಟ್ಟುದನ್ನು ಕಾಗದದ ಮೇಲೆ ಇದ್ದಂತೆಯೇ ಬರೆಯುವ ಕೈಚಳಕವೂ ಇತ್ತು. ಹತ್ತನೆಯ ವಯಸ್ಸಿನಲ್ಲಿ ಚಿಪ್ಪುಗಳ ಚಿತ್ರಗಳನ್ನು ಬಿಡಿಸಿ, ಅವುಗಳ ಹೆಸರುಗಳನ್ನೂ ಬರೆದು ಒಂದು ಸಣ್ಣ ಪುಸ್ತಕವನ್ನೇ ಮಾಡಿದ್ದನು. ಮಗನ ಕೈಚಳಕವನ್ನು ಕಂಡ ತಂದೆಗೆ ವ್ಯವಹಾರಸ್ಥರಿಗೆ ಸಹಜವಾದ ಒಂದು ಆಲೋಚನೆ ಹೊಳೆಯಿತು. ಹುಡುಗನು ಅಂಗಡಿಗಳ ನಾಮಫಲಕ ಬರೆಯುವ ಕಸುಬನ್ನು ಕಲಿತರೆ ಹೊಟ್ಟೆಪಾಡಿಗೆ ಕೊರತೆಯಾಗದು ಎಂದೆಣಿಸಿ, ಹದಿನಾರನೆಯ ವಯಸ್ಸಿನಲ್ಲಿ ಅವನನ್ನು ಶಾಲೆಯಿಂದ ಬಿಡಿಸಿದರು. ಈ ನಡುವೆ ಹುಡುಗನು ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದೂ ಉಂಟು.

ಆಗ ಅಡ್ಡಬಂದವರು ಮಲತಾಯಿ. ಈ ಹುಡುಗನು ವೈದ್ಯನಾಗತಕ್ಕವನು, ಫಲಕ ಬರೆಯತಕ್ಕವನಲ್ಲ ಎಂದು ಆಕೆ ಹಟಹಿಡಿದು ಗಂಡನನ್ನು ಒಪ್ಪಿಸಿದರು. ಜೋಸೆಫರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ ೧೮೪೪ರಲ್ಲಿ ಪದವೀಧರರಾದರು. ಬೆನ್ನೆಲುಬುಳ್ಳ ಪ್ರಾಣಿಗಳ ಕಣ್ಣಿನ ರಚನೆಯೇ ಅವರ ಪ್ರೌಢ ಪ್ರಬಂಧದ ವಿಷಯ. ಮುಂದೆ ಕಣ್ಣನ್ನೇ ತಮ್ಮ ಬಂಡವಾಳವಾಗಿ ಮಾಡಿಕೊಂಡವರಿಗೆ ಇದು ಒಪ್ಪುವಂತಹ ವಿಷಯವೇ ಸರಿ.

ಊಟದ ತಟ್ಟೆಯಲ್ಲಿ ಕಂಡ ಹುಳು

ಡಾಕ್ಟರೆಂದು ಬಾಗಿಲಿಗೆ ಹೆಸರು ಹಾಕಿದರೂ ರೋಗಿಗಳು ಹೆಚ್ಚಾಗಿ ಬರಲಿಲ್ಲ. ಎರಡು ವರ್ಷ ಕಾದು ನೋಡಿ, ಲೀಡಿಯವರು ಆ ವೃತ್ತಿಗೆ ಶರಣು ಹೊಡೆದು, ಶರೀರ ರಚನಾಶಾಸ್ತ್ರದ ಪ್ರಾಧ್ಯಾಪಕರಾದ ಹಾರ್ನರ್ ಎಂಬವರ ಸಹಾಯಕರಾಗಿ ಶವಚ್ಛೇದನದ ಕೆಲಸಕ್ಕೆ ನಿಂತರು. ಬಸವನಹುಳುಗಳ ಅಂಗಾಂಗಗಳನ್ನು ಕುರಿತು ಅವರು ಬರೆದ ಸೂಕ್ಷ್ಮ ಚಿತ್ರಗಳನ್ನು ಮೆಚ್ಚಿ ಫಿಲಡೆಲ್ಫಿಯದ ಪ್ರಕೃತಿ ವಿಜ್ಞಾನ ಅಕಾಡೆಮಿಯು ೧೮೪೫ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಆ ಸಂಸ್ಥೆಯೇ ಅವರ ಆಯುಷ್ಯದ ಎರಡನೆಯ ಮನೆಯಾಯಿತು.

೧೮೪೬ರಲ್ಲಿ ನಡೆದ ಒಂದು ಸಂಗತಿಯನ್ನು ಹೋಟೆಲಿನ ಕೆಲಸ ಬಲ್ಲ ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಒಂದು ದಿನ ಊಟಕ್ಕೆ ಕುಳಿತ ಲೀಡಿಯವರಿಗೆ ತಟ್ಟೆಯಲ್ಲಿದ್ದ ಹಂದಿಯ ಮಾಂಸದ ತುಂಡಿನಲ್ಲಿ ಬಿಳಿಯ ಚುಕ್ಕೆಗಳು ಕಂಡವು. ಬೇರೆಯವರಾಗಿದ್ದರೆ ತಟ್ಟೆಯನ್ನು ದೂಡುತ್ತಿದ್ದರು, ಇಲ್ಲವೇ ಬಡಿಸಿದವರನ್ನು ಗದರಿಸುತ್ತಿದ್ದರು. ಲೀಡಿಯವರು ಆ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಒಂದೊಂದು ಚುಕ್ಕೆಯೂ ಸುರುಳಿ ಸುತ್ತಿ ಮಲಗಿದ ಒಂದು ಸಣ್ಣ ಹುಳುವಿನ ಕೋಶವಾಗಿತ್ತು. ಮನುಷ್ಯರ ಸ್ನಾಯುಗಳಲ್ಲಿ ಅಂತಹುದೇ ಹುಳು ಇರುವುದನ್ನು ಲಂಡನ್ನಿನ ರಿಚರ್ಡ್ ಓವೆನ್‌ರವರು ೧೮೩೫ರಲ್ಲಿ ವರ್ಣಿಸಿದ್ದರು; ಅದು ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಹಂದಿಯಲ್ಲಿಯೂ ಅದು ಇದೆಯೆಂದು ತೋರಿಸಿದವರು ಲೀಡಿಯವರು. ಮುಂದೆ ಜರ್ಮನ್ ವೈದ್ಯರು ಆ ಹುಳುವಿನ ಜೀವನಕ್ರಮವನ್ನು ಪೂರ್ಣವಾಗಿ ಕಂಡುಹಿಡಿದರು. ಹಂದಿಯ ಮಾಂಸವನ್ನು ಒಳಗಿನವರೆಗೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕೆಂಬ ನಿಯಮಕ್ಕೆ ಶಾಸ್ತ್ರದ ಬೆಂಬಲ ದೊರೆತದ್ದು ಈ ದಾರಿಯಿಂದ.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ಅವರ ಚರಿತ್ರಕಾರರು ಹೇಳುತ್ತಾರೆ. ಕೊಲೆಯ ಆರೋಪಕ್ಕೆ ಗುರಿಯಾದ ಒಬ್ಬನು ತನ್ನ ಬಟ್ಟೆಯ ಮೇಲಿನ ರಕ್ತ ಕೋಳಿಯದೆಂದು ವಾದಿಸಿದನಂತೆ. ಕೋಳಿಯ ರಕ್ತಕಣದ ನಡುವೆ ಬೀಜದಂತಹ ಒಂದು ಬಿಂದುವಿರುತ್ತದೆ. ಮನುಷ್ಯನ ಕೆಂಪು ರಕ್ತಕಣದಲ್ಲಿ ಅದಿಲ್ಲ. ಲೀಡಿಯವರು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಬಿಂದು ಇಲ್ಲವೆಂದು ತಿಳಿಸಲಾಗಿ, ಅಪರಾಧಿಯು ತಪ್ಪೊಪ್ಪಿಕೊಂಡನೆಂದು ಪ್ರತೀತಿ.

ನಾಚೆಜ್ ಊರಿನ ಹಲ್ಲುಗಳು

ಅಮೇರಿಕ ಖಂಡದಲ್ಲಿ ಕುದುರೆಯ ಚರಿತ್ರೆ ಸ್ಪೇನಿನವರಿಂದಲೇ ಪ್ರಾರಂಭವಾಗುತ್ತದೆಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಕೊಲಂಬಸನು ೧೪೯೩ರಲ್ಲಿ ತನ್ನ ಎರಡನೆಯ ಯಾತ್ರೆಯಲ್ಲಿ ಕುದುರೆಗಳನ್ನು ಹಡಗಿನಲ್ಲಿ ತಂದನು. ೧೫೧೯ರಲ್ಲಿ ಕಾರ್ಟೆಸನು ಮೆಕ್ಸಿಕೋ ತೀರದಲ್ಲಿ ಕುದುರೆಗಳೊಡನೆ ಇಳಿದಾಗ ಅಲ್ಲಿಯ ಜನರು ಅಂತಹ ಪ್ರಾಣಿಯನ್ನು ಕಂಡವರೇ ಅಲ್ಲ. ಹೀಗಿರುವಾಗ ಅಲ್ಲಲ್ಲಿ ನೆಲ ಅಗೆಯುವಾಗ ಕುದುರೆಯ ಹಲ್ಲು ಸಿಕ್ಕಿತೆಂದು ಕೆಲವರು ವರದಿ ಮಾಡಿದರೂ, ಅದು ಯಾವನೋ ವಲಸೆಗಾರನ ಬಂಡಿಯ ಕುದುರೆಯದಿರಬೇಕೆಂದು ಪಂಡಿತರು ತಳ್ಳಿಹಾಕುತ್ತಿದ್ದರು.

ದಕ್ಷಿಣ ಅಮೇರಿಕದಲ್ಲಿ ಮಾತ್ರ ಒಂದು ಸುಳಿವು ದೊರೆತಿತ್ತು. ಬೀಗಲ್ ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದ ಚಾರ್ಲ್ಸ್ ಡಾರ್ವಿನ್‌ರವರು ೧೮೩೩ರಲ್ಲಿ ಅರ್ಜೆಂಟೀನದ ಸಾಂಟಾ ಫೆ ಬಳಿಯಲ್ಲಿ, ಅಳಿದುಹೋದ ಪ್ರಾಣಿಗಳ ಅವಶೇಷಗಳೊಂದಿಗೆ ಒಂದು ಕುದುರೆಯ ಹಲ್ಲನ್ನು ಕಂಡು ಬೆರಗಾಗಿದ್ದರು. ಓವೆನ್‌ರವರು ಅದನ್ನು ಪರೀಕ್ಷಿಸಿ ೧೮೪೦ರಲ್ಲಿ ಅದು ನಿಜವಾಗಿಯೂ ಪುರಾತನ ಕುದುರೆಯದೇ ಎಂದು ಪ್ರಕಟಿಸಿದರು.

ಉತ್ತರ ಅಮೇರಿಕದ ಮಟ್ಟಿಗೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಲೀಡಿಯವರು. ಮಿಸಿಸಿಪಿ ಸಂಸ್ಥಾನದ ನಾಚೆಜ್ ಎಂಬ ಊರಿನ ಬಳಿ, ಅಳಿದುಹೋದ ಪ್ರಾಣಿಗಳ ಮೂಳೆಗಳ ಸಂಗಡ ದೊರೆತ ಕುದುರೆಯ ದವಡೆಹಲ್ಲುಗಳು ಅಕಾಡೆಮಿಗೆ ಬಂದಿದ್ದವು. ಲೀಡಿಯವರು ಅವನ್ನು ಈಗಿನ ಕುದುರೆಗಳ ಹಲ್ಲುಗಳೊಡನೆ ಇಟ್ಟು ಹೋಲಿಸಿದರು. ಹಳೆಯ ಹಲ್ಲುಗಳ ಮೇಲಿನ ಗೆರೆಗಳ ಮಡಿಕೆಗಳು ಸಾಕಿದ ಕುದುರೆಯದಕ್ಕಿಂತ ಜಟಿಲವಾಗಿದ್ದವು. ತಮಗಿಂತ ಮುಂಚೆ ಬಂದಿದ್ದ ವರದಿಗಳನ್ನೂ ಒಂದೆಡೆ ಸೇರಿಸಿ, ಯೂರೋಪಿನವರು ಬರುವುದಕ್ಕೆ ಬಹು ಹಿಂದೆಯೇ ಉತ್ತರ ಅಮೇರಿಕದಲ್ಲಿ ಕುದುರೆಯು ಹುಟ್ಟಿ ಬೆಳೆದು ಅಳಿದುಹೋಗಿತ್ತೆಂದು ೧೮೪೭ರಲ್ಲಿ ಲೇಖನವನ್ನು ಪ್ರಕಟಿಸಿದರು. ಆಗ ಅವರ ವಯಸ್ಸು ಸುಮಾರು ೨೪. ಆ ಕುದುರೆಗೆ ಅವರು ಇಟ್ಟ ಹೆಸರು ಈಕ್ವಸ್ ಅಮೇರಿಕಾನಸ್. ಮುಂದೆ ಅವರೇ ಅದನ್ನು ಬದಲಾಯಿಸಿದರು. ಹೆಸರು ಹೋದರೂ ವಿಷಯ ಉಳಿಯಿತು. ಆ ಖಂಡದ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುವೆಂದು ಈಗ ಎಲ್ಲರೂ ಒಪ್ಪಿದ್ದಾರೆ.

ಹಲ್ಲು ಹೇಳುವ ಕಥೆ

ಹಲ್ಲಿನಿಂದ ಇಷ್ಟೆಲ್ಲ ಹೇಗೆ ತಿಳಿಯುತ್ತದೆಂದು ವಾಚಕರು ಕೇಳಬಹುದು. ಹಲ್ಲು ದೇಹದ ಅತ್ಯಂತ ಗಟ್ಟಿಯಾದ ಭಾಗವಾದುದರಿಂದ, ಮೂಳೆ ಪುಡಿಯಾದ ಮೇಲೂ ಅದು ಉಳಿಯುತ್ತದೆ. ಒಂದೊಂದು ಪ್ರಾಣಿಕುಲಕ್ಕೂ ಹಲ್ಲಿನ ಮೇಲ್ಮೈಯಲ್ಲಿ ತನ್ನದೇ ಆದ ಗುರುತಿರುತ್ತದೆ.

ಅಡಿಗೆಮನೆಯಲ್ಲಿ ಹಲವು ವರ್ಷ ಕಳೆದ ನಮಗೆ ಕುದುರೆಯ ದವಡೆಹಲ್ಲನ್ನು ಕುರಿತು ಓದುವಾಗ ರುಬ್ಬುಕಲ್ಲು ನೆನಪಿಗೆ ಬರುತ್ತದೆ. ದೋಸೆಯ ಹಿಟ್ಟನ್ನು ದಿನವೂ ರುಬ್ಬಿದರೆ ಕಲ್ಲಿನ ಮುಖ ನುಣುಪಾಗುತ್ತದೆ. ನುಣುಪಾದ ಕಲ್ಲಿನಲ್ಲಿ ಅಕ್ಕಿ ಜಾರುತ್ತದೆಯೇ ಹೊರತು ಅರೆಯುವುದಿಲ್ಲ. ಆಗ ಕಲ್ಲುಕುಟಿಗನನ್ನು ಕರೆಸಿ ಉಳಿಯಿಂದ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಕುದುರೆಯ ಹಲ್ಲಿಗೆ ಕಲ್ಲುಕುಟಿಗನ ಅಗತ್ಯವಿಲ್ಲ. ಅದರಲ್ಲಿ ಮೂರು ದ್ರವ್ಯಗಳಿವೆ: ಎನಾಮೆಲ್ ಎಂಬ ಅತಿ ಗಟ್ಟಿಯಾದ ಪದರ, ಡೆಂಟೀನ್ ಎಂಬ ಅದಕ್ಕಿಂತ ಮೆದುವಾದ ಒಳಭಾಗ, ಮತ್ತು ಸಂದುಗಳನ್ನೆಲ್ಲ ತುಂಬಿ ಹಿಡಿಯುವ ಸಿಮೆಂಟ್ ಎಂಬ ವಸ್ತು. ಮೂರೂ ಒಂದೇ ಸಮನಾಗಿ ಸವೆಯುವುದಿಲ್ಲ. ಮೆದುವಾದುದು ಬೇಗ ಸವೆದು ತಗ್ಗಾಗುತ್ತದೆ. ಎನಾಮೆಲ್ಲಿನ ಮಡಿಕೆಗಳು ಏಣುಗಳಾಗಿ ಮೇಲೆ ನಿಲ್ಲುತ್ತವೆ. ಸವೆದಷ್ಟೂ ಕಲ್ಲು ತಾನಾಗಿಯೇ ಒರಟಾಗಿ ಉಳಿಯುತ್ತದೆ.

ಹುಲ್ಲು ತಿನ್ನುವ ಪ್ರಾಣಿಗೆ ಇಂತಹ ಹಲ್ಲೇ ಬೇಕು. ಹುಲ್ಲಿನಲ್ಲಿ ಮರಳಿನ ಜಾತಿಯ ಸಿಲಿಕಾ ಎಂಬ ಸೂಕ್ಷ್ಮ ಕಣಗಳಿವೆ. ನೆಲಕ್ಕೆ ಸಮೀಪವಾಗಿ ಮೇಯುವುದರಿಂದ ಧೂಳೂ ಬಾಯಿಗೆ ಸೇರುತ್ತದೆ. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಸವೆಯುತ್ತದೆ. ಆದುದರಿಂದಲೇ ಪ್ರಾಯದ ಕುದುರೆಯ ದವಡೆಹಲ್ಲು ಸುಮಾರು ಮೂರು ಅಂಗುಲ ಉದ್ದವಿದ್ದು, ಬಹುಭಾಗ ದವಡೆಯೊಳಗೆ ಹುದುಗಿರುತ್ತದೆ. ಮೇಲೆ ಸವೆದಂತೆ ಕೆಳಗಿನಿಂದ ಏರಿ ಬರುತ್ತದೆ. ಎಲೆ ಚಿಗುರುಗಳನ್ನು ತಿನ್ನುವ ಪ್ರಾಣಿಗೆ ಈ ಅಗತ್ಯವಿಲ್ಲ. ಅದರ ಹಲ್ಲು ನಮ್ಮ ಹಲ್ಲಿನಂತೆ ಗಿಡ್ಡವಾಗಿರುತ್ತದೆ.

ಹೀಗೆ ಪುರಾತನ ಕುದುರೆಯ ಹಲ್ಲನ್ನು ಪರೀಕ್ಷಿಸುವವನು ಕೆಲವು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುತ್ತಾನೆ. ಹಲ್ಲು ಗಿಡ್ಡವೋ ಉದ್ದವೋ? ಮೇಲ್ಮೈಯಲ್ಲಿ ಬಿಡಿಬಿಡಿಯಾದ ಗುಬುಟುಗಳಿವೆಯೋ, ಅವು ಕೂಡಿ ಏಣುಗಳಾಗಿವೆಯೋ? ಸಂದುಗಳಲ್ಲಿ ಸಿಮೆಂಟ್ ಇದೆಯೋ ಇಲ್ಲವೋ? ಮುಂದವಡೆಯ ಹಲ್ಲುಗಳು ಚಿಕ್ಕವಾಗಿಯೇ ಉಳಿದಿವೆಯೋ, ಹಿಂದವಡೆಯವುಗಳಂತೆ ಅರೆಯುವ ಕಲ್ಲುಗಳಾಗಿವೆಯೋ? ಮೇಲ್ದವಡೆಯ ಹಲ್ಲಿನ ಒಳಬದಿಯ ಕಂಬವು ನಡುಭಾಗಕ್ಕೆ ಅಂಟಿಕೊಂಡಿದೆಯೋ, ದ್ವೀಪದಂತೆ ಬೇರೆಯಾಗಿ ನಿಂತಿದೆಯೋ? ಅಂಟಿಕೊಂಡಿದ್ದರೆ ಈಗಿನ ಕುದುರೆಯ ಕುಲ; ದ್ವೀಪವಾಗಿದ್ದರೆ ಹಿಪ್ಪಾರಿಯನ್ ಎಂಬ ಮೂರು ಬೆರಳಿನ ಕುದುರೆಯ ಕುಲ. ಒಂದು ನಾಣ್ಯದಷ್ಟಗಲದ ಮೇಲ್ಮೈಯಲ್ಲಿ ಇಷ್ಟೊಂದು ಬರವಣಿಗೆಯಿದೆ.

ಕೆಟ್ಟ ನೆಲದ ನಿಧಿ

ನಾಚೆಜ್ ಊರಿನ ಹಲ್ಲುಗಳು ಈಗಿನ ಕುದುರೆಯ ಹತ್ತಿರದ ಬಂಧುಗಳವು. ಅವುಗಳಿಗಿಂತ ಬಹು ಹಿಂದಿನ ಕುದುರೆಗಳು ದೊರೆತದ್ದು ಅಮೇರಿಕದ ಪಶ್ಚಿಮದ ಬಯಲಿನಲ್ಲಿ. ಡಕೋಟ ಮತ್ತು ನೆಬ್ರಾಸ್ಕ ಪ್ರಾಂತಗಳಲ್ಲಿ ಮಳೆಗಾಳಿಗಳಿಂದ ಕೊರೆದುಹೋದ ಬೋಳು ದಿಬ್ಬಗಳ ಸೀಮೆಯೊಂದಿದೆ. ಬೆಳೆಗೂ ಬಾರದ, ನಡೆಯಲೂ ಬಾರದ ಆ ಸೀಮೆಯನ್ನು ಜನರು ಕೆಟ್ಟ ನೆಲವೆಂದೇ ಕರೆದರು. ಅಲ್ಲಿಗೆ ತುಪ್ಪುಳಿನ ವ್ಯಾಪಾರಕ್ಕಾಗಿ ಹೋದವರೂ, ಸರಕಾರದ ಭೂಪರೀಕ್ಷಕರೂ ಆಯ್ದು ತಂದ ಮೂಳೆಗಳು ಫಿಲಡೆಲ್ಫಿಯಕ್ಕೆ ಬಂದು ಲೀಡಿಯವರ ಮೇಜನ್ನು ಸೇರುತ್ತಿದ್ದವು. ಅವನ್ನು ಬಿಡಿಸಿ ಹೇಳಬಲ್ಲವರು ಆಗ ಆ ದೇಶದಲ್ಲಿ ಅವರಷ್ಟು ಇನ್ನೊಬ್ಬರಿರಲಿಲ್ಲ. ೧೮೫೩ರಿಂದ ಮುಂದೆ ಫರ್ಡಿನಂಡ್ ಹೇಡನ್ ಎಂಬ ಸಾಹಸಿಯು ತಂದ ರಾಶಿಯಂತೂ ಅಪಾರ. ಇವರೆಲ್ಲ ಹಣ ಕೇಳಿದವರಲ್ಲ. ಯೋಗ್ಯರ ಕೈಗೆ ಸೇರಿತೆಂಬ ತೃಪ್ತಿಯೇ ಅವರಿಗೆ ಸಂಬಳ.

ಆ ರಾಶಿಯಲ್ಲಿ ಲೀಡಿಯವರು ಒಂದೊಂದಾಗಿ ಕುದುರೆಗಳನ್ನು ಕಂಡರು. ೧೮೫೦ರಲ್ಲಿ ಅವರು ವರ್ಣಿಸಿದ ಒಂದು ಪ್ರಾಣಿಯು ಆಳೆತ್ತರದ ಅರ್ಧಕ್ಕೂ ಬಾರದ, ಗಿಡ್ಡ ಹಲ್ಲಿನ, ಎಲೆ ತಿನ್ನುವ ಮೂರು ಬೆರಳಿನ ಕುದುರೆಯಾಗಿತ್ತು. ೧೮೫೦ರ ದಶಕದಲ್ಲಿಯೇ ಹೇಡನ್ ತಂದ ಹಲ್ಲುಗಳಿಂದ ಮೆರಿಕಿಪ್ಪಸ್ ಎಂಬ ಕುಲವನ್ನು ಹೆಸರಿಸಿದರು. ಮೆಲುಕು ಹಾಕುವ ಕುದುರೆ ಎಂದು ಆ ಹೆಸರಿನ ಅರ್ಥ. ೧೮೫೮ರಲ್ಲಿ ಪ್ಯಾರಾಹಿಪ್ಪಸ್, ಹೈಪೋಹಿಪ್ಪಸ್, ಪ್ರೋಟೋಹಿಪ್ಪಸ್ ಎಂಬ ಇನ್ನೂ ಮೂರು ಕುಲಗಳಿಗೆ ನಾಮಕರಣವಾಯಿತು.

ಇವುಗಳ ಮಹತ್ವ ಈಗ ಚೆನ್ನಾಗಿ ತಿಳಿದಿದೆ. ಪ್ಯಾರಾಹಿಪ್ಪಸ್ಸಿನ ಹಲ್ಲು ಗಿಡ್ಡ ಹಲ್ಲಿಗೂ ಉದ್ದ ಹಲ್ಲಿಗೂ ನಡುವಿನ ಮೆಟ್ಟಲು. ಮೆರಿಕಿಪ್ಪಸ್ಸಿನಲ್ಲಿ ಹಲ್ಲು ಉದ್ದವಾಗಿದೆ, ಸಂದುಗಳಿಗೆ ಸಿಮೆಂಟ್ ತುಂಬಿದೆ. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆ ಖಂಡದಲ್ಲಿ ಕಾಡು ಹಿಂಜರಿದು ಹುಲ್ಲುಗಾವಲು ಹರಡಿದ ಕಾಲದ ಪ್ರಾಣಿ ಅದು. ಮೇವು ಬದಲಾಯಿತು; ಮೇವಿಗೆ ತಕ್ಕ ಹಲ್ಲುಳ್ಳವು ಬದುಕಿ ಉಳಿದುವು.

ಹಲ್ಲಿನ ಮೂಲಕ ಲೀಡಿಯವರು ಕಂಡದ್ದು ಕುದುರೆಗಳನ್ನು ಮಾತ್ರವಲ್ಲ. ೧೮೫೬ರಲ್ಲಿ ಹೇಡನ್ ತಂದ ಕೆಲವು ಹಲ್ಲುಗಳನ್ನೇ ಆಧಾರವಾಗಿಟ್ಟುಕೊಂಡು ಅಮೇರಿಕದ ಡೈನೋಸಾರ್‌ಗಳಿಗೆ ಮೊದಲ ಹೆಸರುಗಳನ್ನಿಟ್ಟವರೂ ಅವರೇ. ಎರಡು ವರ್ಷಗಳ ತರುವಾಯ ನ್ಯೂಜೆರ್ಸಿಯಲ್ಲಿ ದೊರೆತ ಹ್ಯಾಡ್ರೋಸಾರಸ್ ಎಂಬ ಭಾರೀ ಪ್ರಾಣಿಯನ್ನು ವರ್ಣಿಸಿದರು. ೧೮೬೮ರಲ್ಲಿ ಅದರ ಅಸ್ಥಿಪಂಜರವನ್ನು ಅಕಾಡೆಮಿಯಲ್ಲಿ ನಿಲ್ಲಿಸಿದಾಗ, ಡೈನೋಸಾರ್ ಒಂದನ್ನು ಹಾಗೆ ನಿಲ್ಲಿಸಿದ್ದು ಪ್ರಪಂಚದಲ್ಲಿಯೇ ಪ್ರಥಮ.

ತಪ್ಪು ಮತ್ತು ತಿದ್ದುಪಡಿ

ಹಲ್ಲು ಸುಳ್ಳಾಡುವುದಿಲ್ಲವೆಂದು ಮೊದಲಿಗೆ ಹೇಳಿದೆವು. ಆದರೆ ಹಲ್ಲನ್ನು ಓದುವ ಮನುಷ್ಯನು ತಪ್ಪಬಹುದು. ಹಾಲುಹಲ್ಲಿನ ರೂಪ ಬೇರೆ, ಬಲಿತ ಹಲ್ಲಿನ ರೂಪ ಬೇರೆ. ಅರ್ಧ ಸವೆದಾಗ ಕಾಣುವ ಮಡಿಕೆಗಳು ಪೂರ್ತಿ ಸವೆದಾಗ ಕಾಣಿಸವು. ಒಂದೇ ಕುದುರೆಯ ಹಲ್ಲುಗಳನ್ನು ಚೆಲ್ಲಿಟ್ಟರೆ ಅವಸರದವನು ಅದನ್ನು ಮೂರು ಪ್ರಾಣಿಗಳೆಂದು ಎಣಿಸಬಹುದು. ಹೀಗೆ ಎಣಿಸಿ ಇಟ್ಟ ನೂರಾರು ಹೆಸರುಗಳನ್ನು ತರುವಾಯದವರು ರದ್ದುಪಡಿಸಬೇಕಾಯಿತು.

ಮಹಾಪಂಡಿತರೂ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನಲ್ಲಿ ದೊರೆತ, ಕುದುರೆಯ ಬಳಗಕ್ಕೆ ಸಮೀಪವಾದ ಬಹು ಪುರಾತನವಾದ ಒಂದು ಸಣ್ಣ ಪ್ರಾಣಿಯ ತಲೆಬುರುಡೆ ಓವೆನ್‌ರವರ ಕೈಗೆ ಬಂದಾಗ, ಅದು ಮೊಲದ ಗಾತ್ರದ್ದಾಗಿದ್ದುದರಿಂದ ಅವರಿಗೆ ಕುದುರೆಯ ನೆನಪೇ ಆಗಲಿಲ್ಲ. ಹೈರಾಕ್ಸ್ ಎಂಬ ಸಣ್ಣ ಪ್ರಾಣಿಯ ಹೋಲಿಕೆಯಿಂದ ಅವರು ೧೮೪೧ರಲ್ಲಿ ಅದನ್ನು ಹೈರಾಕೊಥೀರಿಯಂ ಎಂದು ಕರೆದರು. ಲೀಡಿಯವರೂ ತಪ್ಪಿದವರೇ. ೧೮೫೦ರ ಮೂರು ಬೆರಳಿನ ಕುದುರೆಯನ್ನು ಮೊದಲು ಫ್ರಾನ್ಸಿನ ಪೇಲಿಯೋಥೀರಿಯಂ ಎಂಬ ಪ್ರಾಣಿಯ ಜೊತೆಗೆ ಸೇರಿಸಿ, ಬಳಿಕ ಸರಿಯಲ್ಲವೆಂದು ಕಂಡು ಆಂಕಿಥೀರಿಯಂ ಎಂಬ ಕುಲಕ್ಕೆ ಬದಲಾಯಿಸಿದರು. ಅದೂ ಕೊನೆಯ ಮಾತಾಗಲಿಲ್ಲ. ೧೮೭೫ರಲ್ಲಿ ಬೇರೊಬ್ಬರು ಅದಕ್ಕೆ ಮೆಸೋಹಿಪ್ಪಸ್ ಎಂಬ ಹೆಸರನ್ನಿಟ್ಟರು. ತಮ್ಮ ಹೆಸರಿಗಾಗಿ ಲೀಡಿಯವರು ಹಟ ಹಿಡಿದವರಲ್ಲ.

ಡಾರ್ವಿನ್‌ರ ಗ್ರಂಥವು ೧೮೫೯ರಲ್ಲಿ ಹೊರಬಂದು ಎಲ್ಲೆಡೆ ಕೋಲಾಹಲವೆದ್ದಾಗ, ಲೀಡಿಯವರು ಹೆದರದೆ ಆ ವಾದವನ್ನು ಸ್ವಾಗತಿಸಿದರು. ಮರುವರ್ಷ ಡಾರ್ವಿನ್‌ರನ್ನು ಅಕಾಡೆಮಿಯ ಸದಸ್ಯರನ್ನಾಗಿ ಆರಿಸುವಲ್ಲಿ ಅವರದೇ ಮುಖ್ಯ ಪಾತ್ರ.

ಹಣದ ಪೈಪೋಟಿ

ಎದುರು ಬೀದಿಯಲ್ಲಿ ದೊಡ್ಡ ಬಂಡವಾಳದ ಹೋಟೆಲು ತೆರೆದು, ಅಡಿಗೆಯವರನ್ನೂ ಮಾಣಿಗಳನ್ನೂ ಹೆಚ್ಚು ಸಂಬಳಕ್ಕೆ ಸೆಳೆದುಕೊಂಡಾಗ ಸಣ್ಣ ಹೋಟೆಲಿನವನ ಪಾಡೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ೧೮೭೦ರ ಸುಮಾರಿಗೆ ಲೀಡಿಯವರಿಗೂ ಅಂತಹುದೇ ಗತಿಯೊದಗಿತು.

ಆ ಕಾಲಕ್ಕೆ ಪುರಾತನ ಮೂಳೆಗಳ ಶಾಸ್ತ್ರಕ್ಕೆ ಇಬ್ಬರು ಹೊಸಬರು ಪ್ರವೇಶಿಸಿದ್ದರು. ಒಬ್ಬರು ಎಡ್ವರ್ಡ್ ಕೋಪ್; ಲೀಡಿಯವರ ಬಳಿಯಲ್ಲಿಯೇ ಕಲಿತ, ಆಸ್ತಿವಂತ ಮನೆತನದ ತರುಣ. ಇನ್ನೊಬ್ಬರು ಯೇಲ್ ಕಾಲೇಜಿನ ಆಥ್ನಿಯೆಲ್ ಮಾರ್ಷ್. ಮಹಾಶ್ರೀಮಂತ ಜಾರ್ಜ್ ಪೀಬಡಿಯವರ ಸೋದರಳಿಯ. ಪೀಬಡಿಯವರು ೧೮೬೬ರಲ್ಲಿ ಯೇಲ್‌ನಲ್ಲಿ ವಸ್ತುಸಂಗ್ರಹಾಲಯಕ್ಕೆಂದು ಒಂದೂವರೆ ಲಕ್ಷ ಡಾಲರುಗಳನ್ನು ಕೊಟ್ಟಿದ್ದರು. ಈ ಇಬ್ಬರಿಗೂ ಬದ್ಧವೈರ ಹುಟ್ಟಿತು. ಕೋಪ್‌ರವರು ಒಂದು ಜಲಚರ ಸರೀಸೃಪದ ತಲೆಯನ್ನು ಬಾಲದ ತುದಿಗೆ ಜೋಡಿಸಿ ಪ್ರಕಟಿಸಿದ್ದನ್ನು ೧೮೭೦ರಲ್ಲಿ ಅಕಾಡೆಮಿಯ ಸಭೆಯಲ್ಲಿ ಶಾಂತವಾಗಿ ತೋರಿಸಿಕೊಟ್ಟವರು ಲೀಡಿಯವರು. ಅವರ ಉದ್ದೇಶ ಸತ್ಯ ತಿಳಿಯಲೆಂಬುದಷ್ಟೇ. ಆದರೆ ಇನ್ನಿಬ್ಬರ ನಡುವೆ ಪ್ರತಿಯೊಂದು ತಪ್ಪೂ ಆಯುಧವಾಯಿತು.

ಇಬ್ಬರೂ ಪಶ್ಚಿಮಕ್ಕೆ ಕೂಲಿಯಾಳುಗಳನ್ನು ಕಳುಹಿಸಿ, ಮೂಳೆಗಳಿಗೆ ಬೆಲೆ ಕಟ್ಟಿ ಕೊಳ್ಳತೊಡಗಿದರು. ಹಿಂದೆ ವಿಶ್ವಾಸದಿಂದ ಬರುತ್ತಿದ್ದ ಮೂಳೆಗಳೀಗ ಹಣವಿದ್ದವರ ಕಡೆಗೆ ಹೊರಟವು. ೧೮೭೨ರಲ್ಲಿ ಲೀಡಿಯವರು ಸ್ವತಃ ವಯೋಮಿಂಗ್ ಪ್ರಾಂತದ ಫೋರ್ಟ್ ಬ್ರಿಡ್ಜರ್ ವರೆಗೆ ಹೋಗಿ, ಜೀವಮಾನವಿಡೀ ತಾವು ವರ್ಣಿಸಿದ ಆ ಸೀಮೆಯನ್ನು ಮೊದಲ ಸಲ ಕಣ್ಣಾರೆ ಕಂಡರು. ಆದರೆ ಪ್ರಾಧ್ಯಾಪಕರ ಸಂಬಳದಲ್ಲಿ ಕುಟುಂಬವನ್ನು ಸಾಕಬೇಕಾದವರು ಕೋಟ್ಯಧೀಶರೊಡನೆ ಹರಾಜು ಕೂಗುವುದು ಸಾಧ್ಯವಿರಲಿಲ್ಲ. ಜಗಳವಾಡುವ ಸ್ವಭಾವವೂ ಅವರದಲ್ಲ. ಮೆಲ್ಲನೆ ಅವರು ಆ ಕ್ಷೇತ್ರದಿಂದ ಹಿಂದೆಗೆದರು.

೧೮೭೬ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಥಾಮಸ್ ಹಕ್ಸ್‌ಲಿಯವರು ಅಮೇರಿಕಕ್ಕೆ ಬಂದಾಗ, ಮಾರ್ಷ್‌ರವರು ತಮ್ಮ ಸಂಗ್ರಹದ ಕುದುರೆಗಳನ್ನು ಕ್ರಮವಾಗಿ ಸಾಲಿಟ್ಟು ತೋರಿಸಿದರು. ಸಣ್ಣ ಪ್ರಾಣಿಯಿಂದ ಈಗಿನ ಕುದುರೆಯವರೆಗೆ ಕಾಲಿನ ಬೆರಳುಗಳು ಕಡಿಮೆಯಾಗುತ್ತ, ಹಲ್ಲು ಉದ್ದವಾಗುತ್ತ ಬಂದುದನ್ನು ಕಂಡು ಹಕ್ಸ್‌ಲಿಯವರು ಬೆರಗಾದರು. ಅದೇ ವರ್ಷ ಮಾರ್ಷ್‌ರವರು ಅತ್ಯಂತ ಹಳೆಯ ಕುದುರೆಗೆ ಇಯೋಹಿಪ್ಪಸ್ ಎಂದು ಹೆಸರಿಟ್ಟರು. ಕುದುರೆಯ ವಂಶಾವಳಿಯ ಕೀರ್ತಿಯೆಲ್ಲ ಮಾರ್ಷ್‌ರಿಗೆ ಸಂದಿತು. ಆ ಸಾಲು ನೇರವಾದ ಏಣಿಯಲ್ಲ, ಹಲವು ಟೊಂಗೆಗಳುಳ್ಳ ಪೊದೆಯೆಂದು ಈಗಿನವರು ಹೇಳುತ್ತಾರೆ. ಅನೇಕ ಟೊಂಗೆಗಳು ನಡುವೆಯೇ ಒಣಗಿದುವು. ಆದರೆ ಆ ಪೊದೆಯ ಟೊಂಗೆಗಳಲ್ಲಿ ಹಲವಕ್ಕೆ ಮೊದಲು ಹೆಸರಿಟ್ಟವರು ಲೀಡಿಯವರೆಂಬುದನ್ನು ಮರೆಯಲಾಗದು.

ಅವರು ಹಿಂದೆಗೆದದ್ದು ಸರಿಯೇ? ಇದಕ್ಕೆ ನಾವು ಸುಲಭವಾದ ಉತ್ತರ ಕೊಡಲಾರೆವು. ನ್ಯಾಯವಾಗಿ ತನಗೆ ಬರಬೇಕಾದುದನ್ನು ಬಿಟ್ಟುಕೊಡುವುದು ಯಾವಾಗಲೂ ಸದ್ಗುಣವೆಂದು ಕೂಲಿಗಾಗಿ ದುಡಿಯುವ ನಮ್ಮ ವಾಚಕರಿಗೆ ಉಪದೇಶಿಸುವ ಎದೆಗಾರಿಕೆ ನಮಗಿಲ್ಲ. ಲೀಡಿಯವರಿಗೆ ಅದರಿಂದ ನೋವಾಗದೆ ಇರಲಿಲ್ಲ. ಆದರೆ ಜಗಳಕ್ಕೆ ಇಳಿದ ಇಬ್ಬರ ಗತಿಯೇನಾಯಿತೆಂಬುದನ್ನೂ ನೋಡಬೇಕು. ಕೋಪ್ ಮತ್ತು ಮಾರ್ಷ್ ಇಬ್ಬರೂ ಪತ್ರಿಕೆಗಳಲ್ಲಿ ಪರಸ್ಪರ ದೂಷಣೆ ಮಾಡಿಕೊಂಡು, ಆಸ್ತಿಯನ್ನು ಬಹುಮಟ್ಟಿಗೆ ಕರಗಿಸಿಕೊಂಡು, ಅವಸರದಲ್ಲಿ ಇಟ್ಟ ಎಷ್ಟೋ ಹೆಸರುಗಳು ರದ್ದ���ಗುವಂತೆ ಮಾಡಿಕೊಂಡರು. ಲೀಡಿಯವರು ಕಳೆದುಕೊಂಡದ್ದು ಮೂಳೆಗಳನ್ನು; ನೋಡುವ ಕಣ್ಣನ್ನಲ್ಲ.

ಕೊನೆಯ ವರ್ಷಗಳು

ಆ ಕಣ್ಣನ್ನು ಅವರು ಹಣಕ್ಕೆ ಸಿಕ್ಕದ ವಸ್ತುಗಳ ಕಡೆಗೆ ತಿರುಗಿಸಿದರು. ಹಳ್ಳದ ನೀರಿನಲ್ಲಿ, ಪಾಚಿಯಲ್ಲಿ, ಕೆಸರಿನಲ್ಲಿ ಜೀವಿಸುವ ಏಕಕೋಶ ಪ್ರಾಣಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಸಿಹಿನೀರಿನ ರೈಜೋಪಾಡ್ ಎಂಬ ಆ ಜೀವಿಗಳ ಮೇಲೆ ೧೮೭೯ರಲ್ಲಿ ಒಂದು ಮಹಾಗ್ರಂಥವನ್ನು ಪ್ರಕಟಿಸಿದರು. ಅದರ ಚಿತ್ರಗಳು ಅವರ ಕೈಯಿಂದಲೇ ಮೂಡಿದುವು. ಫಲಕ ಬರೆಯಲೆಂದು ತಂದೆ ಗುರುತಿಸಿದ ಕೈ ವ್ಯರ್ಥವಾಗಲಿಲ್ಲ. ಗೆದ್ದಲಿನ ಹೊಟ್ಟೆಯೊಳಗೆ ವಾಸಿಸುವ ವಿಚಿತ್ರ ಜೀವಿಗಳನ್ನು ೧೮೭೭ರಲ್ಲಿ ವರ್ಣಿಸಿದವರೂ ಅವರೇ. ಕೆಸರು ಯಾವ ಶ್ರೀಮಂತನೂ ಹರಾಜಿನಲ್ಲಿ ಕೊಳ್ಳದ ವಸ್ತು.

ಅವರ ಗೃಹಜೀವನ ಶಾಂತವಾದುದು. ೧೮೬೪ರಲ್ಲಿ ಆನಾ ಹಾರ್ಡನ್ ಎಂಬಾಕೆಯನ್ನು ವಿವಾಹವಾದರು. ಮಕ್ಕಳಾಗಲಿಲ್ಲ, ಒಬ್ಬ ಹೆಣ್ಣುಮಗುವನ್ನು ದತ್ತಕವಾಗಿ ತೆಗೆದುಕೊಂಡು ಸಾಕಿದರು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯದ ಸೈನಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ೧೮೫೩ರಲ್ಲಿ ಶರೀರ ರಚನಾಶಾಸ್ತ್ರದ ಪ್ರಾಧ್ಯಾಪಕರಾದವರು ಕೊನೆಯವರೆಗೂ, ಎಂದರೆ ಮೂವತ್ತೆಂಟು ವರ್ಷಗಳ ಕಾಲ, ಪಾಠ ಹೇಳಿದರು. ೧೮೮೧ರಿಂದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಲಂಡನ್ನಿನ ಭೂವಿಜ್ಞಾನ ಸಂಘವು ೧೮೮೪ರಲ್ಲಿ ಲಯೆಲ್ ಪದಕವನ್ನಿತ್ತು ಅವರನ್ನು ಗೌರವಿಸಿತು. ೧೮೯೧ನೆಯ ಇಸವಿ ಏಪ್ರಿಲ್ ೩೦ರಂದು, ತಾವು ಹುಟ್ಟಿದ ನಗರದಲ್ಲಿಯೇ, ಅರವತ್ತೇಳನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಫಿಲಡೆಲ್ಫಿಯದಲ್ಲಿ ಅವರ ಕಂಚಿನ ಪ್ರತಿಮೆಯಿದೆ. ವಯೋಮಿಂಗ್ ಪ್ರಾಂತದ ಒಂದು ಪರ್ವತಕ್ಕೆ ಅವರ ಹೆಸರಿದೆ.

ಲೀಡಿಯವರ ಜೀವನದಲ್ಲಿ ಯುದ್ಧಗಳಿಲ್ಲ, ಸಿಂಹಾಸನಗಳಿಲ್ಲ. ಊಟದ ತಟ್ಟೆಯ ಒಂದು ಚುಕ್ಕೆ, ಪೆಟ್ಟಿಗೆಯ ತಳದ ಒಂದು ಹಲ್ಲು, ಹಳ್ಳದ ಒಂದು ಹನಿ ನೀರು, ಇವೇ ಅವರ ರಣರಂಗ. ಎಲ್ಲರ ಕಣ್ಣಿಗೂ ಬಿದ್ದ ವಸ್ತುವನ್ನೇ ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು, ಕಂಡದ್ದನ್ನು ಕಂಡಷ್ಟೇ ಹೇಳಿದರು, ತಪ್ಪಿದಾಗ ತಿದ್ದಿಕೊಂಡರು. ದಿನವಿಡೀ ಲೆಕ್ಕದ ಪುಸ್ತಕದ ಮುಂದೆಯೋ, ಒಲೆಯ ಮುಂದೆಯೋ, ಗಿರಾಕಿಯ ಮೇಜಿನ ಬಳಿಯೋ ನಿಲ್ಲುವ ನಮ್ಮ ವಾಚಕರಿಗೆ ಅಕಾಡೆಮಿಯ ಮೇಜು ದೊರೆಯಲಿಕ್ಕಿಲ್ಲ. ಆದರೆ ಇರುವ ಮೇಜಿನ ಮೇಲಿರುವುದನ್ನು ಚೆನ್ನಾಗಿ ನೋಡುವುದಕ್ಕೆ ಪದವಿಯೂ ಬೇಡ, ಬಂಡವಾಳವೂ ಬೇಡವೆಂಬುದಕ್ಕೆ ಈ ಟೋಪಿಗಾರನ ಮಗನ ಬಾಳು ಸಾಕ್ಷಿಯಾಗಿದೆಯೆಂದು ಹೇಳಿ ಈ ಚರಿತ್ರೆಯನ್ನು ಮುಗಿಸುತ್ತೇವೆ.